ಟಿ ಕೋಶದ ಲಿಂಫೋಮಾ: ಪರೀಕ್ಷಾ ವರದಿಯಲ್ಲಿ ಕಾಣುವ ಉತ್ಪರಿವರ್ತನೆಗಳನ್ನು ಹೇಗೆ ಓದಬೇಕು?

ರೋಗಶಾಸ್ತ್ರ ವೈದ್ಯೆ, ಬಸವನಗುಡಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ರಕ್ತ ಮತ್ತು ದುಗ್ಧಗ್ರಂಥಿಗಳ ಕಾಯಿಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವುದು ನನ್ನ ವೃತ್ತಿ. ಈಚಿನ ವರ್ಷಗಳಲ್ಲಿ ಲಿಂಫೋಮಾ (ದುಗ್ಧಕೋಶಗಳ ಕ್ಯಾನ್ಸರ್) ರೋಗಿಗಳ ಮನೆಯವರು ಬಯಾಪ್ಸಿ ವರದಿಯ ಜೊತೆಗೆ ವಂಶವಾಹಿ ಪರೀಕ್ಷೆಯ ಇನ್ನೊಂದು ದಪ್ಪ ವರದಿಯನ್ನೂ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಟೆಟ್2, ರೋ-ಎ, ಐಡಿಎಚ್2, ಡಿಎನ್‌ಎಂಟಿ3ಎ ಮುಂತಾದ ಹೆಸರುಗಳೂ ಪ್ರತಿ ಹೆಸರಿನ ಎದುರು ಒಂದು ಶೇಕಡಾ ಅಂಕಿಯೂ ಇರುತ್ತವೆ. ಓದಿದವರು ಬಹುಮಟ್ಟಿಗೆ ಎರಡು ತೀರ್ಮಾನಗಳಿಗೆ ಬಂದಿರುತ್ತಾರೆ. ವಂಶವಾಹಿಯಲ್ಲಿ ದೋಷವಿದೆ ಎಂದ ಮೇಲೆ ಇದು ವಂಶದಲ್ಲಿ ಹರಿದು ಬಂದ ಕಾಯಿಲೆ, ಮಕ್ಕಳಿಗೂ ತಪ್ಪದು ಎಂಬುದು ಒಂದು. ದೋಷದ ಹೆಸರು ತಿಳಿಯಿತಲ್ಲ, ಇನ್ನು ಅದಕ್ಕೆಂದೇ ಮಾಡಿದ ಮಾತ್ರೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಮನೆಯವರನ್ನು ವಿನಾಕಾರಣ ಹೆದರಿಸುತ್ತದೆ, ಎರಡನೆಯದು ಅವರ ಹಣವನ್ನು ಕರಗಿಸುತ್ತದೆ. ಆದ್ದರಿಂದ ಈ ವಿಷಯವನ್ನು ಕನ್ನಡದಲ್ಲಿ ವಿವರವಾಗಿ ಚರ್ಚಿಸುವುದು ಅಗತ್ಯವೆಂದು ನನಗೆ ತೋರಿತು.

ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮಾಗಳ (ಹಾಡ್ಜ್‌ಕಿನ್ ಬಗೆಯನ್ನು ಬಿಟ್ಟು ಉಳಿದವು) ಪೈಕಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಂದ ಹುಟ್ಟುವುವು ಶೇ 10ರಿಂದ 15ರಷ್ಟು ಮಾತ್ರ. ಪೂರ್ವ ಏಷ್ಯಾದಲ್ಲಿ ಈ ಪಾಲು ಹೆಚ್ಚು. ಇದು ಒಂದೇ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದರ ಪ್ರಭೇದಗಳು ಮೂವತ್ತನ್ನು ಮೀರುತ್ತವೆ. ಒಂದು ಮೂಗಿನ ಒಳಭಾಗವನ್ನು ಕೊರೆಯುತ್ತದೆ, ಒಂದು ಚರ್ಮದಲ್ಲಿ ಎಕ್ಸಿಮಾದಂತೆ ವರ್ಷಗಟ್ಟಲೆ ಉಳಿಯುತ್ತದೆ, ಒಂದು ಯಕೃತ್ತು ಮತ್ತು ಗುಲ್ಮದಲ್ಲಿ ತುಂಬಿಕೊಳ್ಳುತ್ತದೆ. ಎಲ್ಲವನ್ನೂ ಇಲ್ಲಿ ವಿವರಿಸಲು ಆಗದು. ವಂಶವಾಹಿಗಳ ಪಾತ್ರ ಅತ್ಯಂತ ಸ್ಪಷ್ಟವಾಗಿ ಬಿಡಿಸಿಕೊಂಡಿರುವ ಆಂಜಿಯೋಇಮ್ಯುನೋಬ್ಲಾಸ್ಟಿಕ್ ಎಂಬ ಬಗೆಯನ್ನೇ ಹಿಡಿದು ಹೇಳುತ್ತೇನೆ. 2022ರ ವರ್ಗೀಕರಣವು ಇದನ್ನು ಫಾಲಿಕ್ಯುಲರ್ ಹೆಲ್ಪರ್ ಟಿ ಕೋಶಗಳ ಲಿಂಫೋಮಾ ಎಂಬ ಗುಂಪಿಗೆ ಸೇರಿಸಿದೆ. ಬಿ ಕೋಶಗಳು ಒಳ್ಳೆಯ ಪ್ರತಿಕಾಯಗಳನ್ನು ತಯಾರಿಸುವಂತೆ ನೆರವಾಗುವ ಟಿ ಕೋಶಗಳೇ ಇಲ್ಲಿ ಹಾದಿ ತಪ್ಪಿರುತ್ತವೆ. ಹಾಗಾಗಿ ಗಂಟುಗಳ ಜೊತೆಗೆ ಜ್ವರ, ರಾತ್ರಿ ಬೆವರು, ಮೈಮೇಲೆ ದದ್ದು, ರಕ್ತದಲ್ಲಿ ಪ್ರತಿಕಾಯಗಳ ಅತಿಯಾದ ಏರಿಕೆ, ಕೆಲವರಲ್ಲಿ ತಮ್ಮದೇ ಕೆಂಪು ರಕ್ತಕಣಗಳ ನಾಶ, ಇವೆಲ್ಲ ಒಟ್ಟಾಗಿ ಬರುತ್ತವೆ.

ಈ ಕಾಯಿಲೆಯಲ್ಲಿ ಅತಿ ಹೆಚ್ಚು ಕಾಣುವುದು ಟೆಟ್2 ವಂಶವಾಹಿಯ ಉತ್ಪರಿವರ್ತನೆ, ಅಂದರೆ ಅದರ ಡಿಎನ್‌ಎಯಲ್ಲಾಗುವ ಬದಲಾವಣೆ. ಡಿಎನ್‌ಎ ಮೇಲೆ ಅಂಟಿರುವ ಮೀಥೈಲ್ ಗುರುತುಗಳನ್ನು ತೆಗೆಯುವ ಕೆಲಸಕ್ಕೆ ಚಾಲನೆ ಕೊಡುವ ಕಿಣ್ವವನ್ನು ಟೆಟ್2 ರೂಪಿಸುತ್ತದೆ. ಅದು ಕೆಟ್ಟರೆ ಕೋಶದಲ್ಲಿ ಯಾವ ವಂಶವಾಹಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ವ್ಯವಸ್ಥೆ ಸಡಿಲವಾಗುತ್ತದೆ. ಡಿಎನ್‌ಎಂಟಿ3ಎ ಇದಕ್ಕೆ ವಿರುದ್ಧವಾದ ಕೆಲಸ ಮಾಡುವ ಕಿಣ್ವ, ಅಂದರೆ ಗುರುತು ಹಾಕುವುದು. ಐಡಿಎಚ್2 ಕೋಶದ ಶಕ್ತಿ ಉತ್ಪಾದನೆಗೆ ಸಂಬಂಧಿಸಿದ ಕಿಣ್ವ. ಅದರ 172ನೇ ಸ್ಥಾನದಲ್ಲಿರುವ ಆರ್ಜಿನಿನ್ ಎಂಬ ಅಮೈನೋ ಆಮ್ಲ ಬದಲಾದಾಗ ಅದು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಅಸಹಜ ವಸ್ತುವನ್ನು ತಯಾರಿಸತೊಡಗುತ್ತದೆ. ಆ ವಸ್ತು ಟೆಟ್ ಕಿಣ್ವಗಳನ್ನೇ ತಡೆಯುತ್ತದೆ. ನಾಲ್ಕನೆಯದು ರೋ-ಎ. ಈ ಪ್ರೋಟೀನಿನ 17ನೇ ಸ್ಥಾನದಲ್ಲಿ ಗ್ಲೈಸಿನ್ ಇರಬೇಕಾದಲ್ಲಿ ವ್ಯಾಲಿನ್ ಬಂದಿರುವುದನ್ನು 2014ರಲ್ಲಿ ಬೇರೆಬೇರೆ ತಂಡಗಳು ಒಂದೇ ಹೊತ್ತಿಗೆ ವರದಿ ಮಾಡಿದವು. ಈ ಲಿಂಫೋಮಾದ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ, ಬಹುತೇಕ ಪ್ರತಿಬಾರಿಯೂ ಅದೇ ಸ್ಥಾನದಲ್ಲಿ, ಅದೇ ಬದಲಾವಣೆ ಕಾಣುತ್ತದೆ.

ಮುಖ್ಯವಾದ ಮಾತು ಇದು. ಈ ನಾಲ್ಕು ಬದಲಾವಣೆಗಳು ಒಂದೇ ದಿನ, ಒಂದೇ ಕೋಶದಲ್ಲಿ ಆದವಲ್ಲ. ಟೆಟ್2 ಮತ್ತು ಡಿಎನ್‌ಎಂಟಿ3ಎ ಬದಲಾವಣೆಗಳು ಸಾಮಾನ್ಯವಾಗಿ ಅಸ್ಥಿಮಜ್ಜೆಯಲ್ಲಿ ಎಲ್ಲ ರಕ್ತಕಣಗಳಿಗೂ ಮೂಲವಾದ ಆಕರ ಕೋಶದಲ್ಲೇ, ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷಗಳ ಮುಂಚೆ ಆಗಿರುತ್ತವೆ. ರೋ-ಎ ಮತ್ತು ಐಡಿಎಚ್2 ಬದಲಾವಣೆಗಳು ಆಮೇಲೆ, ಟಿ ಕೋಶದಲ್ಲಿ ಸೇರಿಕೊಳ್ಳುತ್ತವೆ. ಮೊದಲಿನ ಬದಲಾವಣೆ ಹೊಲವನ್ನು ಹದಗೊಳಿಸುತ್ತದೆಯೇ ಹೊರತು ಬಿತ್ತುವುದಿಲ್ಲ. ವರದಿಯಲ್ಲಿ ಯಾವ ಹೆಸರು ಇದೆ ಎಂಬುದಕ್ಕಿಂತ ಅದು ಯಾವ ಕೋಶದಲ್ಲಿ, ಯಾವ ಅನುಕ್ರಮದಲ್ಲಿ ಬಂದಿದೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ತಿಳಿಯಾಗುತ್ತದೆ.

ರಾಜಾಜಿನಗರ ನಿವಾಸಿ

ಮೇಡಂ, ತಾವು ಬರೆದದ್ದನ್ನು ಮನೆಯವರೆಲ್ಲರಿಗೂ ಓದಿ ಹೇಳಿದೆ. ನಮ್ಮ ತಂದೆಯವರಿಗೆ ಇದೇ ಬಗೆಯ ಲಿಂಫೋಮಾ ಎಂದು ಈ ವರ್ಷ ತಿಳಿಯಿತು. ಅದಕ್ಕೆ ಮೊದಲು ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ನೋಡಿದ ಒಂದು ಚಿಕಿತ್ಸಾಲಯದಲ್ಲಿ ಜ್ವರ, ರಾತ್ರಿ ಬೆವರು, ತೂಕ ಇಳಿದಿರುವುದು ಇವನ್ನೆಲ್ಲ ನೋಡಿ ಟಿಬಿ ಇರಬಹುದೆಂದು ಹಲವು ತಿಂಗಳು ಟಿಬಿ ಮಾತ್ರೆ ಕೊಟ್ಟರು. ಗಂಟುಗಳು ಕಂಕುಳಲ್ಲೂ ಕಾಣಿಸಿಕೊಂಡ ಮೇಲೆ ಬೇರೆ ಆಸ್ಪತ್ರೆಯಲ್ಲಿ ಪೂರ್ತಿ ಗಂಟನ್ನು ತೆಗೆದು ಪರೀಕ್ಷಿಸಿದಾಗ ವಿಷಯ ಗೊತ್ತಾಯಿತು.

ಅವರ ವರದಿಯಲ್ಲಿ ಟೆಟ್2 ಎದುರು ಶೇ 38 ಎಂದೂ ರೋ-ಎ ಎದುರು ಶೇ 9 ಎಂದೂ ಇದೆ. ಶೇ 38 ಎಂದರೆ ಕಾಯಿಲೆ ಅಷ್ಟು ಮುಂದುವರಿದಿದೆ ಎಂದರ್ಥವೇ? ಕೀಮೋ ಆದ ನಂತರ ಈ ಅಂಕಿ ಸೊನ್ನೆಗೆ ಇಳಿಯಬೇಕೇ? ನನಗೂ ನನ್ನ ತಂಗಿಗೂ ಮಕ್ಕಳಿದ್ದಾರೆ. ನಾವೆಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂಬುದು ಅಮ್ಮನ ಪ್ರಶ್ನೆ. ಅವರು ಈ ಯೋಚನೆಯಲ್ಲೇ ನಿದ್ದೆ ಕೆಡಿಸಿಕೊಂಡಿದ್ದಾರೆ.

ರೋಗಶಾಸ್ತ್ರ ವೈದ್ಯೆ, ಬಸವನಗುಡಿ

ತಮ್ಮ ತಾಯಿಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಟೆಟ್2, ರೋ-ಎ, ಐಡಿಎಚ್2 ಬದಲಾವಣೆಗಳು ಈ ಲಿಂಫೋಮಾದಲ್ಲಿ ಹುಟ್ಟಿನಿಂದ ಬಂದವುಗಳಲ್ಲ. ಅವು ತಂದೆಯವರ ಜೀವಿತಾವಧಿಯಲ್ಲಿ, ಅವರ ರಕ್ತ ಉತ್ಪಾದಿಸುವ ಕೋಶಗಳಲ್ಲಿ ಆದವು. ವೀರ್ಯಾಣುವಿನ ಮೂಲಕ ತಮಗಾಗಲಿ ತಂಗಿಯವರಿಗಾಗಲಿ ಬಂದಿಲ್ಲ, ಮೊಮ್ಮಕ್ಕಳಿಗೆ ಹೋಗುವ ಮಾತೂ ಇಲ್ಲ. ಈ ಕಾರಣಕ್ಕಾಗಿ ಮನೆಯವರು ಯಾರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಲ್ಲ ಎಂದು ಅಮ್ಮನವರಿಗೆ ಧೈರ್ಯವಾಗಿ ಹೇಳಿ.

ಇನ್ನು ಶೇಕಡಾ ಅಂಕಿ. ಪರೀಕ್ಷೆಗೆ ಹೋದ ಅಂಗಾಂಶದಲ್ಲಿ ಆ ಸ್ಥಾನದ ಡಿಎನ್‌ಎ ಪ್ರತಿಗಳನ್ನೆಲ್ಲ ಓದಿದಾಗ ಎಷ್ಟು ಪಾಲಿನಲ್ಲಿ ಬದಲಾವಣೆ ಕಂಡಿತು ಎಂಬುದನ್ನು ಅದು ತಿಳಿಸುತ್ತದೆ. ಪ್ರತಿಯೊಂದು ಕೋಶದಲ್ಲಿ ಒಂದು ವಂಶವಾಹಿಯ ಎರಡು ಪ್ರತಿಗಳಿರುವುದರಿಂದ, ಒಂದು ಪ್ರತಿ ಮಾತ್ರ ಬದಲಾಗಿದ್ದರೆ ಶೇ 9 ಎಂಬುದು ಹೆಚ್ಚುಕಡಿಮೆ ಶೇ 18ರಷ್ಟು ಕೋಶಗಳನ್ನು ಸೂಚಿಸುತ್ತದೆ. ಈ ಲಿಂಫೋಮಾದ ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ಅಷ್ಟೇ ಇರುವುದು ಸಹಜ. ಗಂಟಿನ ಬಹುಭಾಗವನ್ನು ತುಂಬಿರುವುದು ಅವು ಕರೆತಂದಿರುವ ಬಿ ಕೋಶಗಳು, ಪ್ಲಾಸ್ಮಾ ಕೋಶಗಳು, ಇಯೋಸಿನೋಫಿಲ್‌ಗಳು ಮತ್ತು ಕವಲೊಡೆದ ಸಣ್ಣ ರಕ್ತನಾಳಗಳು.

ಅದೇ ಲೆಕ್ಕದಲ್ಲಿ ಟೆಟ್2 ಶೇ 38 ಎಂದರೆ ಗಂಟಿನ ಮುಕ್ಕಾಲು ಪಾಲು ಕೋಶಗಳಲ್ಲಿ ಆ ಬದಲಾವಣೆ ಇದೆ ಎಂದಾಗುತ್ತದೆ. ಕ್ಯಾನ್ಸರ್ ಕೋಶಗಳಿಗಿಂತ ಹೆಚ್ಚು ಸಂಖ್ಯೆಯ ಕೋಶಗಳಲ್ಲಿ ಅದು ಹೇಗೆ ಬಂತು? ಅದು ಆಕರ ಕೋಶದಲ್ಲೇ ಆಗಿತ್ತು. ಆ ಆಕರ ಕೋಶದ ಸಂತಾನವಾದ ಬಿ ಕೋಶಗಳಲ್ಲಿ, ಮೊನೋಸೈಟ್‌ಗಳಲ್ಲಿ, ನ್ಯೂಟ್ರೋಫಿಲ್‌ಗಳಲ್ಲಿ ಕೂಡ ಅದೇ ಟೆಟ್2 ಬದಲಾವಣೆ ಇರುತ್ತದೆ. ಅವು ಕ್ಯಾನ್ಸರ್ ಕೋಶಗಳಲ್ಲ. ಹಾಗಾಗಿ ಆ ಅಂಕಿಯನ್ನು ಕಾಯಿಲೆಯ ಹಂತವೆಂದು ಓದಬಾರದು. ಕೀಮೋ ಮುಗಿದು ಗಂಟುಗಳು ಪೂರ್ತಿ ಕರಗಿದ ಮೇಲೂ ರಕ್ತದಲ್ಲಿ ಟೆಟ್2 ಉಳಿದಿರುವುದುಂಟು. ಅದನ್ನು ನೋಡಿ ಕಾಯಿಲೆ ಮರುಕಳಿಸಿದೆ ಎಂದು ಗಾಬರಿಪಡುವುದು ಸಲ್ಲದು. ರೋ-ಎ ಟಿ ಕೋಶದಲ್ಲಿ ಆಗುವ ಬದಲಾವಣೆಯಾದ್ದರಿಂದ ಕಾಯಿಲೆಯ ಜಾಡು ಹಿಡಿಯಲು ಅದು ಹೆಚ್ಚು ನಂಬಿಕೆಗೆ ಅರ್ಹ.

ಒಂದೇ ಒಂದು ಎಚ್ಚರಿಕೆ. ಯಾವುದಾದರೂ ವಂಶವಾಹಿಯ ಅಂಕಿ ಶೇ 50ರ ಆಸುಪಾಸಿನಲ್ಲಿದ್ದರೆ, ಅದು ಹುಟ್ಟಿನಿಂದಲೇ ಇರುವುದೋ ಎಂದು ನೋಡಲು ಕೆಲವೊಮ್ಮೆ ಉಗುರಿನ ಚೂರು ಅಥವಾ ಚರ್ಮದ ತುಣುಕಿನಿಂದ ಡಿಎನ್‌ಎ ತೆಗೆದು ಹೋಲಿಸುತ್ತಾರೆ. ಎಂಜಲಿನಲ್ಲಿ ಬಿಳಿ ರಕ್ತಕಣಗಳು ಬೆರೆತಿರುವುದರಿಂದ ಇದಕ್ಕೆ ಅದು ಸೂಕ್ತವಲ್ಲ.

ಜೀವಶಾಸ್ತ್ರ ಉಪನ್ಯಾಸಕಿ, ವಿಜಯನಗರ

ಬಹಳ ಉಪಯುಕ್ತವಾದ ಚರ್ಚೆ. ನನ್ನ ಪಿಯು ವಿದ್ಯಾರ್ಥಿಗಳು ಕೇಳಿಯೇ ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿಡುತ್ತೇನೆ. ಆಕರ ಕೋಶದಲ್ಲಿ ಟೆಟ್2 ಬದಲಾದ ಮೇಲೂ ಮನುಷ್ಯ ಎಷ್ಟೋ ವರ್ಷ ಆರೋಗ್ಯವಾಗಿರುತ್ತಾನೆ ಎಂದರೆ, ಆರೋಗ್ಯವಂತ ವೃದ್ಧರಲ್ಲೂ ಇಂತಹ ಬದಲಾವಣೆ ಇರಬೇಕಲ್ಲವೇ? ಹಾಗಿದ್ದರೆ ಅವರೆಲ್ಲರಿಗೂ ಲಿಂಫೋಮಾ ಏಕೆ ಬರುವುದಿಲ್ಲ?

ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಮೇಡಂ, ತಮ್ಮ ಊಹೆ ಸರಿಯಾಗಿದೆ. ಸಾವಿರಾರು ಜನರ ರಕ್ತದ ಡಿಎನ್‌ಎ ಓದಿದ ಅಧ್ಯಯನಗಳು 2014ರಲ್ಲಿ ಪ್ರಕಟವಾದಾಗ, ನಲವತ್ತರ ಒಳಗಿನವರಲ್ಲಿ ವಿರಳವಾಗಿರುವ ಈ ಬದಲಾವಣೆಗಳು ಎಪ್ಪತ್ತು ದಾಟಿದವರ ಪೈಕಿ ಸುಮಾರು ಶೇ 10ರಷ್ಟು ಮಂದಿಯಲ್ಲಿ ಇರುವುದು ತಿಳಿದುಬಂತು. ಅವುಗಳಲ್ಲಿ ಮುಂಚೂಣಿಯಲ್ಲಿರುವುದು ಡಿಎನ್‌ಎಂಟಿ3ಎ ಮತ್ತು ಟೆಟ್2. ಇವರಲ್ಲಿ ಬಹುಪಾಲು ಜನರಿಗೆ ಯಾವ ರಕ್ತದ ಕ್ಯಾನ್ಸರೂ ಬರುವುದಿಲ್ಲ. ಟಿ ಕೋಶದ ಲಿಂಫೋಮಾ ಬರುವುದಂತೂ ಬಹಳ ಅಪರೂಪ.

ಏಕೆ ಎಂಬುದಕ್ಕೆ ಇಲಿಗಳ ಮೇಲಿನ ಪ್ರಯೋಗಗಳು ಒಳ್ಳೆಯ ಉತ್ತರ ಕೊಟ್ಟಿವೆ. ರೋ-ಎ ಬದಲಾವಣೆಯೊಂದನ್ನೇ ಟಿ ಕೋಶಗಳಿಗೆ ಸೇರಿಸಿದರೆ ಫಾಲಿಕ್ಯುಲರ್ ಹೆಲ್ಪರ್ ಕೋಶಗಳ ಕಡೆಗೆ ವಾಲುವಿಕೆ ಕಾಣುತ್ತದೆ. ಅದರ ಜೊತೆಗೆ ಟೆಟ್2 ಅನ್ನೂ ತೆಗೆದುಹಾಕಿದಾಗ ಮನುಷ್ಯರ ಕಾಯಿಲೆಯನ್ನು ಹೋಲುವ ಲಿಂಫೋಮಾ ಹುಟ್ಟುತ್ತದೆ. ಎರಡೂ ಸೇರಬೇಕು.

ರೋ-ಎ ವಿಷಯದಲ್ಲಿ ನನ್ನನ್ನು ಮೊದಲಿನಿಂದಲೂ ಹಿಡಿದಿಟ್ಟಿರುವ ಒಂದು ಸಂಗತಿಯನ್ನು ಹೇಳಬೇಕು. ಕ್ಯಾನ್ಸರಿನಲ್ಲಿ ಬದಲಾಗುವ ರಾಸ್ ಎಂಬ ಪ್ರಸಿದ್ಧ ಪ್ರೋಟೀನು ಜಿಟಿಪಿ ಎಂಬ ಅಣುವನ್ನು ಹಿಡಿದುಕೊಂಡು ಸದಾ ಚಾಲೂ ಸ್ಥಿತಿಯಲ್ಲಿ ಉಳಿಯುತ್ತದೆ. ಅದೇ ಬಳಗದ ರೋ-ಎ ಇಲ್ಲಿ ತದ್ವಿರುದ್ಧ. 17ನೇ ಸ್ಥಾನ ಬದಲಾದ ರೋ-ಎಗೆ ಜಿಟಿಪಿಯನ್ನು ಹಿಡಿಯುವ ಶಕ್ತಿಯೇ ಇರುವುದಿಲ್ಲ. ಕೆಲಸ ಕಳೆದುಕೊಂಡ ಪ್ರೋಟೀನು ಕ್ಯಾನ್ಸರಿಗೆ ಹೇಗೆ ಕಾರಣವಾಗುತ್ತದೆ? ಅದು ವ್ಯಾವ್1 ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು, ಟಿ ಕೋಶದ ಗ್ರಾಹಕದಿಂದ ಒಳಗೆ ಬರುವ ಸಂಕೇತವನ್ನು ಹೆಚ್ಚಿಸುತ್ತದೆ ಎಂದು ಜಪಾನಿನ ಸಂಶೋಧಕರು ತೋರಿಸಿದರು. ಅಂದರೆ ಪ್ರತಿಜನಕವೇ ಇಲ್ಲದಿದ್ದಾಗಲೂ ಕೋಶವು ತನ್ನ ಮುಂದೆ ಶತ್ರುವಿದೆ ಎಂಬಂತೆ ವರ್ತಿಸುತ್ತದೆ.

ಉಳಿದ ಟಿ ಕೋಶದ ಲಿಂಫೋಮಾಗಳ ಪಟ್ಟಿಯನ್ನು ನೋಡಿದರೂ ಇದೇ ಸಂಕೇತದ ಹಾದಿ ಮತ್ತೆ ಮತ್ತೆ ಎದುರಾಗುತ್ತದೆ. ಸಿಡಿ28, ಎಫ್‌ವೈಎನ್, ಪಿಎಲ್‌ಸಿಜಿ1, ಕಾರ್ಡ್11 ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಜಪಾನಿನಲ್ಲಿ 426 ವಯಸ್ಕ ಟಿ ಕೋಶದ ಲ್ಯುಕೇಮಿಯಾ-ಲಿಂಫೋಮಾ ರೋಗಿಗಳನ್ನು ಒಳಗೊಂಡ 2015ರ ಅಧ್ಯಯನದಲ್ಲಿ ಪಿಎಲ್‌ಸಿಜಿ1 ಶೇ 36ರಷ್ಟು ರೋಗಿಗಳಲ್ಲಿ ಬದಲಾಗಿತ್ತು. ಸಿಟಿಎಲ್‌ಎ4 ಎಂಬುದು ಟಿ ಕೋಶಕ್ಕೆ ಸಾಕು ನಿಲ್ಲಿಸು ಎಂದು ಹೇಳುವ ಗ್ರಾಹಕ. ಕೆಲವು ರೋಗಿಗಳಲ್ಲಿ ಅದರ ಹೊರಭಾಗವು ಸಿಡಿ28ರ ಒಳಭಾಗಕ್ಕೆ ಬೆಸೆದುಕೊಂಡು, ನಿಲ್ಲಿಸು ಎಂಬ ಆಜ್ಞೆಯೇ ಮುಂದುವರಿಸು ಎಂಬ ಆಜ್ಞೆಯಾಗಿ ಮಾರ್ಪಡುತ್ತದೆ. ಪ್ರಕೃತಿ ಇಷ್ಟು ನಿಖರವಾಗಿ ಕೆಡಬಲ್ಲದೆಂಬುದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಜೀವಶಾಸ್ತ್ರ ಉಪನ್ಯಾಸಕಿ, ವಿಜಯನಗರ

ಧನ್ಯವಾದಗಳು. ಜಪಾನಿನ ಆ ಕಾಯಿಲೆಗೆ ವೈರಸ್ ಕಾರಣವೆಂದು ಓದಿದ್ದೆ. ವೈರಸ್ ಇದ್ದ ಮೇಲೂ ಉತ್ಪರಿವರ್ತನೆಗಳು ಬೇಕೇ?

ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಬೇಕು. ಎಚ್‌ಟಿಎಲ್‌ವಿ-1 ಎಂಬ ಆ ವೈರಸ್ ಮುಖ್ಯವಾಗಿ ತಾಯಿಯ ಎದೆಹಾಲಿನ ಮೂಲಕ ಮಗುವಿಗೆ ಹರಡುತ್ತದೆ. ಸೋಂಕು ತಗುಲಿದವರಲ್ಲಿ ಸುಮಾರು ಶೇ 5ರಷ್ಟು ಜನರಿಗೆ ಮಾತ್ರ, ಅದೂ ಹಲವು ದಶಕಗಳ ನಂತರ, ಈ ಕ್ಯಾನ್ಸರ್ ಬರುತ್ತದೆ. ಆ ದಶಕಗಳಲ್ಲಿ ಸೋಂಕಿತ ಕೋಶಗಳು ಒಂದೊಂದಾಗಿ ಉತ್ಪರಿವರ್ತನೆಗಳನ್ನು ಕೂಡಿಸಿಕೊಳ್ಳುತ್ತವೆ. ಮೂಗಿನ ಎನ್‌ಕೆ/ಟಿ ಲಿಂಫೋಮಾದಲ್ಲೂ ಎಪ್‌ಸ್ಟೀನ್-ಬಾರ್ ವೈರಸ್ ಇದ್ದೇ ಇರುತ್ತದೆ. ಜೊತೆಗೆ ಡಿಡಿಎಕ್ಸ್3ಎಕ್ಸ್, ಸ್ಟ್ಯಾಟ್3 ಮುಂತಾದವುಗಳ ಬದಲಾವಣೆಗಳೂ ಕಾಣುತ್ತವೆ.

ಕ್ಯಾನ್ಸರ್ ವೈದ್ಯ, ಜಯನಗರ

ಚರ್ಚೆ ಚೆನ್ನಾಗಿ ನಡೆದಿದೆ. ಚಿಕಿತ್ಸೆ ಕೊಡುವವನಾಗಿ ಒಂದು ಭಿನ್ನಾಭಿಪ್ರಾಯವನ್ನು ಸ್ಪಷ್ಟವಾಗಿ ದಾಖಲಿಸಬೇಕಾಗಿದೆ. ಟಿ ಕೋಶದ ಲಿಂಫೋಮಾ ಎಂದು ಗೊತ್ತಾದ ಪ್ರತಿಯೊಬ್ಬ ರೋಗಿಗೂ ನೂರಾರು ವಂಶವಾಹಿಗಳ ಪರೀಕ್ಷೆ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ. ಒಡವೆ ಅಡವಿಟ್ಟು ಆ ಪರೀಕ್ಷೆ ಮಾಡಿಸಿ, ಆಮೇಲೆ ಕೀಮೋ ಸುತ್ತುಗಳಿಗೆ ಹಣವಿಲ್ಲದೆ ಕೈಚೆಲ್ಲಿ ಕುಳಿತ ಕುಟುಂಬಗಳನ್ನು ನೋಡಿದ್ದೇನೆ. ಟೆಟ್2 ಇದ್ದರೂ ಇಲ್ಲದಿದ್ದರೂ ಮೊದಲ ಹಂತದ ಚಿಕಿತ್ಸೆ ಇವತ್ತಿಗೂ ಚಾಪ್ ಎಂಬ ನಾಲ್ಕು ಔಷಧಿಗಳ ಜೋಡಣೆ ಅಥವಾ ಅದಕ್ಕೆ ಹತ್ತಿರದ ಕೀಮೋ. ರೋ-ಎಗೆ ಗುರಿಯಿಟ್ಟು ಅನುಮೋದನೆ ಪಡೆದ ಔಷಧಿಯಿಲ್ಲ. ಐಡಿಎಚ್2 ತಡೆಯುವ ಎನಾಸಿಡೆನಿಬ್‌ಗೆ ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಸಿಕ್ಕಿದ್ದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ, ಈ ಲಿಂಫೋಮಾಕ್ಕಲ್ಲ. ಮೀಥೈಲ್ ಗುರುತುಗಳ ಏರುಪೇರನ್ನು ಸರಿಪಡಿಸಬಹುದೆಂಬ ತರ್ಕದಿಂದ ಅಜಾಸಿಟಿಡಿನ್ ಬಳಸಿ ಕೆಲವರಲ್ಲಿ ಒಳ್ಳೆಯ ಫಲ ಕಂಡದ್ದು ನಿಜ. ಆದರೆ ಕಾಯಿಲೆ ಮರುಕಳಿಸಿದವರಲ್ಲಿ ಅದರ ಮಾತ್ರೆಯನ್ನು ಬೇರೆ ಔಷಧಿಗಳೊಂದಿಗೆ ಹೋಲಿಸಿದ ಮೂರನೇ ಹಂತದ ಪ್ರಯೋಗವು ಮೊದಲೇ ಗೊತ್ತುಪಡಿಸಿದ್ದ ಸಂಖ್ಯಾಶಾಸ್ತ್ರೀಯ ಗುರಿಯನ್ನು ಮುಟ್ಟಲಿಲ್ಲ.

ಇದಕ್ಕೆ ಹೋಲಿಸಿದರೆ ಸಾಮಾನ್ಯ ಬಯಾಪ್ಸಿ ಸ್ಲೈಡಿನ ಮೇಲೇ, ಬಣ್ಣ ಹಾಕಿ ನೋಡುವ ಸರಳ ಪರೀಕ್ಷೆಯಿಂದ ತಿಳಿಯುವ ಎರಡು ಸಂಗತಿಗಳು ಚಿಕಿತ್ಸೆಯನ್ನೇ ಬದಲಿಸುತ್ತವೆ. ಒಂದು ಸಿಡಿ30 ಎಂಬ, ಕೋಶದ ಮೇಲ್ಮೈಯ ಪ್ರೋಟೀನು. ಅದು ಇದ್ದರೆ ಅದಕ್ಕೇ ಗುರಿಯಿಟ್ಟ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಔಷಧಿ ಸೇರಿಸುವುದನ್ನು ಯೋಚಿಸಬಹುದು. ಇನ್ನೊಂದು ಆಲ್ಕ್ ಎಂಬ ಪ್ರೋಟೀನು. 2 ಮತ್ತು 5ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಎನ್‌ಪಿಎಂ1 ಎಂಬುದಕ್ಕೆ ಆಲ್ಕ್ ಬೆಸೆದುಕೊಳ್ಳುವುದನ್ನು 1994ರಲ್ಲೇ ಕಂಡುಹಿಡಿಯಲಾಯಿತು. ಈ ಬೆಸುಗೆ ಇರುವ, ಮಕ್ಕಳಲ್ಲಿ, ಯುವಜನರಲ್ಲಿ ಹೆಚ್ಚಾಗಿ ಕಾಣುವ ಅನಾಪ್ಲಾಸ್ಟಿಕ್ ಎಂಬ ಬಗೆಯ ಟಿ ಕೋಶದ ಲಿಂಫೋಮಾ ಕೀಮೋಗೆ ಚೆನ್ನಾಗಿ ಮಣಿಯುತ್ತದೆ. ಮರುಕಳಿಸಿದ ಮಕ್ಕಳು ಮತ್ತು ಎಳೆಯ ವಯಸ್ಸಿನವರಿಗೆ ಆಲ್ಕ್ ತಡೆಯುವ ಕ್ರಿಜೊಟಿನಿಬ್ ಮಾತ್ರೆಯನ್ನು ಅಮೆರಿಕ 2021ರಲ್ಲಿ ಅನುಮೋದಿಸಿತು. ಉತ್ಪರಿವರ್ತನೆಯ ಜ್ಞಾನ ರೋಗಿಯ ಕೈಗೆ ಔಷಧಿಯಾಗಿ ತಲುಪಿದ ನಿಜವಾದ ಉದಾಹರಣೆ ಇದು. ಬಡ ರೋಗಿಯ ಹಣ ಮೊದಲು ಇಂತಹ ಪರೀಕ್ಷೆಗಳಿಗೆ ಹೋಗಲಿ.

ರೋಗಶಾಸ್ತ್ರ ವೈದ್ಯೆ, ಬಸವನಗುಡಿ

ಡಾಕ್ಟರೇ, ಎಲ್ಲರಿಗೂ ದೊಡ್ಡ ಪರೀಕ್ಷೆ ಬೇಡ ಎಂಬ ತಮ್ಮ ಮಾತಿಗೆ ನನ್ನ ಸಹಮತವಿದೆ. ಆದರೆ ಔಷಧಿ ಆರಿಸುವುದಕ್ಕೆ ಉಪಯೋಗವಿಲ್ಲದ ಪರೀಕ್ಷೆ ಉಪಯೋಗವೇ ಇಲ್ಲದ ಪರೀಕ್ಷೆ ಎಂಬ ಅರ್ಥ ಬರಬಾರದು. ರಾಜಾಜಿನಗರದವರು ಬರೆದದ್ದನ್ನೇ ನೋಡಿ. ಈ ಲಿಂಫೋಮಾದ ಆರಂಭದ ಗಂಟು ಸೂಕ್ಷ್ಮದರ್ಶಕದಲ್ಲಿ ಸೋಂಕಿನಿಂದ ಊದಿಕೊಂಡ ಗಂಟಿನಂತೆಯೇ ಕಾಣಬಲ್ಲದು. ಕೆಲವೊಮ್ಮೆ ಎಪ್‌ಸ್ಟೀನ್-ಬಾರ್ ವೈರಸ್ ಇರುವ ದೊಡ್ಡ ಬಿ ಕೋಶಗಳು ಹಾಡ್ಜ್‌ಕಿನ್ ಲಿಂಫೋಮಾದ ಕೋಶಗಳಂತೆ ಕಂಡು ದಾರಿ ತಪ್ಪಿಸುತ್ತವೆ. ಟಿ ಕೋಶದ ಗ್ರಾಹಕದ ವಂಶವಾಹಿಗಳು ಒಂದೇ ರೀತಿ ಜೋಡಣೆಯಾಗಿವೆಯೇ, ಅಂದರೆ ಆ ಕೋಶಗಳೆಲ್ಲ ಒಂದೇ ಕೋಶದ ಸಂತಾನವೇ ಎಂದು ನೋಡುವ ಪರೀಕ್ಷೆ ಇದೆ. ಆದರೆ ಸೋಂಕಿನಲ್ಲೂ, ವಯಸ್ಸಾದವರಲ್ಲೂ ಅದು ಒಮ್ಮೊಮ್ಮೆ ಸಕಾರಾತ್ಮಕವಾಗಿ ಬರುತ್ತದೆ. ಅಂತಹ ಅನುಮಾನದ ಗಂಟಿನಲ್ಲಿ ರೋ-ಎಯ 17ನೇ ಸ್ಥಾನದ ಬದಲಾವಣೆ ಸಿಕ್ಕಿತೆಂದರೆ ರೋಗನಿರ್ಣಯದ ತಕ್ಕಡಿ ಖಚಿತವಾಗಿ ಒಂದು ಕಡೆ ವಾಲುತ್ತದೆ. ಬರೀ ಟೆಟ್2 ಸಿಕ್ಕಿದರೆ ವಾಲುವುದಿಲ್ಲ, ಏಕೆಂದರೆ ಅದು ಆರೋಗ್ಯವಂತ ವೃದ್ಧರಲ್ಲೂ ಇರಬಹುದು ಎಂದು ಮೇಲೆ ಹೇಳಿಯಾಗಿದೆ. ಇದಕ್ಕೆ ನೂರಾರು ವಂಶವಾಹಿಗಳ ಪರೀಕ್ಷೆ ಬೇಕಿಲ್ಲ, ಆ ಒಂದು ಸ್ಥಾನವನ್ನು ಆಳವಾಗಿ ಓದಿದರೆ ಸಾಕು.

ಆಳವಾಗಿ ಎಂಬುದಕ್ಕೆ ಒತ್ತು ಕೊಡುತ್ತೇನೆ. ಡಿಎನ್‌ಎ ಓದುವ ಹಳೆಯ ಸ್ಯಾಂಗರ್ ವಿಧಾನಕ್ಕೆ ಬದಲಾದ ಪ್ರತಿಗಳು ಶೇ 15ರಿಂದ 20ರಷ್ಟಾದರೂ ಇರಬೇಕು. ಶೇ 9 ಇರುವ ರೋ-ಎ ಅದರ ಕಣ್ಣಿಗೆ ಬೀಳದೆ, ವರದಿಯಲ್ಲಿ ಬದಲಾವಣೆ ಇಲ್ಲವೆಂದು ಬಂದುಬಿಡಬಹುದು.

ಈ ಎಲ್ಲ ಪರೀಕ್ಷೆಗಳ ಭವಿಷ್ಯ ನಿರ್ಧಾರವಾಗುವುದು ಯಂತ್ರದ ಕೋಣೆಯಲ್ಲಲ್ಲ, ಶಸ್ತ್ರಚಿಕಿತ್ಸೆಯ ಕೋಣೆಯ ಡಬ್ಬಿಯಲ್ಲಿ. ಸೂಜಿಯಿಂದ ತೆಗೆದ ಕೋಶಗಳು ಟಿಬಿಯನ್ನು ಗುರುತಿಸಲು ನೆರವಾಗಬಹುದು, ಲಿಂಫೋಮಾದ ಪ್ರಭೇದ ಹೇಳಲು ಸಾಲವು. ಗಂಟಿನ ಒಳಗಿನ ವಿನ್ಯಾಸವನ್ನು ನೋಡಲು ಇಡೀ ಗಂಟು ಬೇಕು. ತೆಗೆದ ಗಂಟನ್ನು ಸೀಳಿ, ಅಂಗಾಂಶ ಕೆಡದಂತೆ ಕಾಪಾಡುವ, ಅದರ ಹತ್ತು ಪಟ್ಟಾದರೂ ಹೆಚ್ಚು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಸೀಳದೆ ಹಾಗೆಯೇ ಸಣ್ಣ ಡಬ್ಬಿಗೆ ತುರುಕಿದ ಗಂಟಿನ ಹೊರ ಅಂಚು ಗಟ್ಟಿಯಾಗಿ, ನಡುಭಾಗ ಫಾರ್ಮಲಿನ್ ತಲುಪದೆ ಮಸುಕಾದ ಕಂದು ಬಣ್ಣಕ್ಕೆ ತಿರುಗಿ ಕೊಳೆತಿರುತ್ತದೆ. ಬ್ಲೇಡಿನಿಂದ ಕತ್ತರಿಸುವಾಗಲೇ ಅದು ಬೆರಳಿಗೆ ಮೆತ್ತಗೆ ಸಿಗುತ್ತದೆ. ಅಂತಹ ಗಂಟಿನಿಂದ ಮುಂದೆ ಯಾವ ಪರೀಕ್ಷೆ ಮಾಡಿದರೂ ಡಿಎನ್‌ಎ ಚೂರುಚೂರಾಗಿರುತ್ತದೆ. ವಾರಗಟ್ಟಲೆ ಫಾರ್ಮಲಿನ್‌ನಲ್ಲಿ ಬಿಟ್ಟರೂ ಹಾಗೆಯೇ.

ತಾಯಿ, ಕೆಂಗೇರಿ

ನನ್ನ ಮಗಳಿಗೆ ಹದಿನೇಳು ವರ್ಷ. ಚರ್ಮದ ಕೆಳಗಿನ ಕೊಬ್ಬಿನಲ್ಲಿ ಗಂಟುಗಳಾಗಿ, ಬಿಡದ ಜ್ವರ ಬಂದು, ಪ್ಯಾನಿಕ್ಯುಲೈಟಿಸ್ ಬಗೆಯ ಟಿ ಕೋಶದ ಲಿಂಫೋಮಾ ಎಂದು ಹೇಳಿದ್ದಾರೆ. ಇದರಲ್ಲಿ ಮಾತ್ರ ವೈದ್ಯರು ನನ್ನ ಮತ್ತು ನನ್ನ ಯಜಮಾನರ ರಕ್ತವನ್ನೂ ಕೇಳಿದ್ದಾರೆ. ನಾವಿಬ್ಬರೂ ಸಂಬಂಧದಲ್ಲೇ ಮದುವೆಯಾದವರು. ಮೇಲೆ ತಾವೆಲ್ಲ ಇದು ಹುಟ್ಟಿನಿಂದ ಬರುವುದಲ್ಲ ಎಂದು ಬರೆದಿದ್ದೀರಿ. ಹಾಗಾದರೆ ನಮ್ಮ ರಕ್ತ ಏಕೆ ಬೇಕು?

ರೋಗಶಾಸ್ತ್ರ ವೈದ್ಯೆ, ಬಸವನಗುಡಿ

ಅಮ್ಮಾ, ತಮ್ಮ ವೈದ್ಯರು ಕೇಳಿರುವುದು ಸರಿಯಾಗಿಯೇ ಇದೆ. ಟಿ ಕೋಶದ ಲಿಂಫೋಮಾಗಳ ನಡುವೆ ತಮ್ಮ ಮಗಳಿಗೆ ಬಂದಿರುವ ಬಗೆ ಒಂದು ಮುಖ್ಯ ಅಪವಾದ. ಎಚ್‌ಎವಿಸಿಆರ್2 ಎಂಬ ವಂಶವಾಹಿಯು ಟಿಮ್-3 ಎಂಬ ಪ್ರೋಟೀನನ್ನು ರೂಪಿಸುತ್ತದೆ. ಉರಿಯೂತ ಮಿತಿ ಮೀರದಂತೆ ತಡೆಯುವುದು ಅದರ ಕೆಲಸಗಳಲ್ಲಿ ಒಂದು. ಈ ಕಾಯಿಲೆಯ ಹಲವರಲ್ಲಿ ಆ ವಂಶವಾಹಿಯ ಎರಡೂ ಪ್ರತಿಗಳು ಹುಟ್ಟಿನಿಂದಲೇ ಬದಲಾಗಿರುವುದನ್ನು 2018ರಲ್ಲಿ ತೋರಿಸಲಾಯಿತು. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಬದಲಾದ ಪ್ರತಿಗಳು ಸೇರಿದಾಗ ಮಾತ್ರ ಅಪಾಯ ಹೆಚ್ಚು. ಒಂದೇ ಪ್ರತಿ ಇರುವ ತಂದೆ ತಾಯಿ ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಸಂಬಂಧದಲ್ಲಿ ಮದುವೆಯಾದವರಲ್ಲಿ ಇಬ್ಬರಿಗೂ ಒಂದೇ ಬದಲಾವಣೆ ಇರುವ ಸಾಧ್ಯತೆ ಹೆಚ್ಚುವುದರಿಂದ ತಮ್ಮ ರಕ್ತವನ್ನು ಕೇಳಿದ್ದಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ದಯವಿಟ್ಟು ತಮ್ಮನ್ನು ತಾವು ಹಳಿದುಕೊಳ್ಳಬೇಡಿ, ಮನೆಯಲ್ಲಿ ಯಾರಾದರೂ ಹಾಗೆ ಮಾತನಾಡಿದರೆ ಈ ಉತ್ತರವನ್ನು ಅವರಿಗೆ ತೋರಿಸಿ.

ಫಲಿತಾಂಶದಿಂದ ಮಗಳ ಚಿಕಿತ್ಸೆಗೂ ಪ್ರಯೋಜನವಿದೆ. ಈ ಬಗೆಯಲ್ಲಿ ಉರಿಯೂತವೇ ಮುಂದಿರುವುದರಿಂದ ಸೈಕ್ಲೋಸ್ಪೋರಿನ್‌ನಂತಹ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿಗಳಿಗೇ ಅನೇಕರು ಚೆನ್ನಾಗಿ ಸ್ಪಂದಿಸುತ್ತಾರೆ. ಬಿಳಿ ಮತ್ತು ಕೆಂಪು ರಕ್ತಕಣಗಳು, ಪ್ಲೇಟ್‌ಲೆಟ್ ಎಲ್ಲವೂ ಒಟ್ಟಿಗೆ ಕುಸಿದು ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನು) ಬಹಳ ಏರಿದರೆ ಅದು ತುರ್ತು ಸ್ಥಿತಿ. ಜ್ವರ ಜೋರಾದ ದಿನ ಮರುದಿನದ ತನಕ ಕಾಯದೆ ಆಸ್ಪತ್ರೆಗೆ ಹೋಗಿ. ಮಗಳಿಗೆ ಒಡಹುಟ್ಟಿದವರಿದ್ದರೆ ಅವರ ಪರೀಕ್ಷೆಯ ಬಗ್ಗೆ ವಂಶವಾಹಿ ಸಲಹೆಗಾರರನ್ನು ಕೇಳಿ.

ರಾಜಾಜಿನಗರ ನಿವಾಸಿ

ಮೇಡಂ, ಡಾಕ್ಟರೇ, ಇಬ್ಬರಿಗೂ ಕೃತಜ್ಞತೆಗಳು. ಅಮ್ಮ ಸಮಾಧಾನವಾಗಿದ್ದಾರೆ. ಕೊನೆಯದಾಗಿ ಎರಡು ವಿಷಯ ಕೇಳುತ್ತೇನೆ. ನಮ್ಮ ಸಂಬಂಧಿಕರೊಬ್ಬರು, ಟಿ ಕೋಶಗಳನ್ನೇ ತಿದ್ದಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆ ಈಗ ಭಾರತದಲ್ಲೇ ಸಿಗುತ್ತದೆ, ಅದನ್ನು ಕೇಳಿ ಎನ್ನುತ್ತಿದ್ದಾರೆ. ಮತ್ತೆ, ಎರಡನೇ ಅಭಿಪ್ರಾಯ ಪಡೆಯಲು ಮೊದಲಿನ ಆಸ್ಪತ್ರೆಯಿಂದ ಏನೇನು ತರಬೇಕು?

ಕ್ಯಾನ್ಸರ್ ವೈದ್ಯ, ಜಯನಗರ

ಭಾರತದಲ್ಲಿ 2023ರಲ್ಲಿ ಅನುಮೋದನೆ ಪಡೆದ ಕಾರ್-ಟಿ ಚಿಕಿತ್ಸೆಯು ಸಿಡಿ19 ಎಂಬ ಪ್ರೋಟೀನು ಇರುವ ಬಿ ಕೋಶದ ಕ್ಯಾನ್ಸರುಗಳಿಗೆ. ತಮ್ಮ ತಂದೆಯವರ ಕಾಯಿಲೆಗೆ ಅದು ಹೊಂದುವುದಿಲ್ಲ. ಟಿ ಕೋಶದ ಕ್ಯಾನ್ಸರಿಗೆ ಅಂತಹ ಚಿಕಿತ್ಸೆ ರೂಪಿಸುವಾಗ ಗುರಿಯೂ ಟಿ ಕೋಶ, ಆಯುಧವೂ ಟಿ ಕೋಶ ಆಗುವುದರಿಂದ ಅವು ಪರಸ್ಪರ ಕೊಂದುಕೊಳ್ಳುತ್ತವೆ. ಈ ತೊಡಕನ್ನು ಬಿಡಿಸುವ ಪ್ರಯೋಗಗಳು ನಡೆಯುತ್ತಿವೆ. ತಂದೆಯವರ ವಯಸ್ಸು ಮತ್ತು ಹೃದಯದ ಸ್ಥಿತಿ ಅನುಕೂಲವಾಗಿದ್ದು, ಕೀಮೋಗೆ ಗಂಟುಗಳು ಪೂರ್ತಿ ಕರಗಿದರೆ, ಅವರದೇ ಆಕರ ಕೋಶಗಳನ್ನು ಶೇಖರಿಸಿ ಮರಳಿ ಕೊಡುವ ಕಸಿಯ ಬಗ್ಗೆ ತಮ್ಮ ವೈದ್ಯರೊಂದಿಗೆ ಈಗಲೇ ಮಾತನಾಡಿ.

ರೋಗಶಾಸ್ತ್ರ ವೈದ್ಯೆ, ಬಸವನಗುಡಿ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ವರದಿಯ ಜೆರಾಕ್ಸ್ ಮಾತ್ರ ಸಾಲದು. ಗಂಟಿನ ಪ್ಯಾರಾಫಿನ್ ಬ್ಲಾಕ್ ಮತ್ತು ಬಣ್ಣ ಹಾಕಿದ ಸ್ಲೈಡುಗಳನ್ನು ಲಿಖಿತ ಅರ್ಜಿ ಕೊಟ್ಟು ಕೇಳಿ. ಬ್ಲಾಕ್ ಎಂಬುದು ಪ್ಲಾಸ್ಟಿಕ್ ಕ್ಯಾಸೆಟ್ಟಿನ ಮೇಲೆ ಮೇಣದಲ್ಲಿ ಹುದುಗಿಸಿದ ಅಂಗಾಂಶ. ಅದರ ಅಂಚಿನಲ್ಲಿ ಬರೆದಿರುವ ಸಂಖ್ಯೆ ವರದಿಯ ಬಯಾಪ್ಸಿ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಸ್ಲೈಡುಗಳು ಒಡೆಯದಂತೆ ಅವುಗಳದೇ ಡಬ್ಬಿ ಕೇಳಿ ಪಡೆಯಿರಿ. ಅಸ್ಥಿಮಜ್ಜೆಯ ಬಯಾಪ್ಸಿಯೂ ಆಗಿದ್ದರೆ ಅದರ ಬ್ಲಾಕನ್ನೂ ತನ್ನಿ. ಮೂಳೆಯನ್ನು ಮೆದುಗೊಳಿಸಲು ತೀಕ್ಷ್ಣ ಆಮ್ಲ ಬಳಸಿದ್ದರೆ ಅದರಲ್ಲಿ ಡಿಎನ್‌ಎ ಉಳಿದಿರುವುದಿಲ್ಲ, ಇಡಿಟಿಎ ಎಂಬ ಸೌಮ್ಯ ರಾಸಾಯನಿಕ ಬಳಸಿದ್ದರೆ ಉಳಿದಿರುತ್ತದೆ. ಯಾವುದನ್ನು ಬಳಸಿದರೆಂದು ಅದೇ ಅರ್ಜಿಯಲ್ಲಿ ಕೇಳಿ ಬರೆಸಿಕೊಂಡು ಬನ್ನಿ.